ಮೂರು ಮೆಟ್ಟಿಲ ಮೇಲಿನ ಬಂಗಲೆ

ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಮೋಟಾರು ಬರುವ ಮೊದಲು ಘಟ್ಟ ಹತ್ತುವವರು ನಡೆದರು, ಕುದುರೆ ಏರಿದರು, ಇಲ್ಲವೇ ಎತ್ತಿನ ಗಾಡಿ ಹಿಡಿದರು. ಇದ್ಯಾವುದೂ ಆಗದವರಿಗೆ ಉಳಿದದ್ದು ಬೇರೆಯವರ ಹೆಗಲು. ಪಶ್ಚಿಮ ಕರಾವಳಿಯಲ್ಲಿ ಬಳಕೆಯಲ್ಲಿದ್ದ ‘ಮಂಚಲು’ ಅಂಥ ಸವಾರಿ: ಗಟ್ಟಿ ಬಟ್ಟೆಯ ಜೋಲಿಯನ್ನು ಉದ್ದ ಕೋಲಿಗೆ ಕಟ್ಟಿ, ಆಳುಗಳು ಹೆಗಲು ಬದಲಿಸುತ್ತ ಹೊರುತ್ತಿದ್ದರು. ಜ್ವರ ಹಿಡಿದವರೂ ಕಾಲು ಮುರಿದವರೂ ಡೋಲಿಯಲ್ಲೋ ಜೋಲಿಯಲ್ಲೋ ಸಾಗಬೇಕಿತ್ತು. ಹೊತ್ತು ತಂದವರು ಮೆಟ್ಟಿಲನ್ನೂ ಹತ್ತಿಸುತ್ತಿದ್ದರು. ಹಾಗಾಗಿ ಮನೆ ಕಟ್ಟುವವರಿಗೆ ಮೆಟ್ಟಿಲು ಒಂದು ಪ್ರಶ್ನೆಯೇ ಆಗಲಿಲ್ಲ.

ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದ ಬಂಗಲೆಗಳು ಹುಟ್ಟಿದ್ದು ಆ ಕಾಲದಲ್ಲಿ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ನರೊಬ್ಬರು ಮಡಿಕೇರಿಯ ಬಳಿ ಕಾಫಿ ತೋಟ ತೆರೆದರು, ಬೇರೆಯವರೂ ಹಿಂಬಾಲಿಸಿದರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬೋಳು ಗುಡ್ಡಗಳ ಗಿಡಗಳನ್ನು ತಿಂದುಹಾಕಿತು. ಆಗ ತೋಟಗಾರರು ನೆರಳು ಹುಡುಕುತ್ತ ಪೂರ್ವದ ಬಿದಿರು ಕಾಡಿನತ್ತ ಬಂದರು. ಈ ಸೀಮೆಗೆ ಅವರಿಟ್ಟ ಹೆಸರೇ ‘ಬ್ಯಾಂಬೂ’. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದೆ.

ಇಂದು ಗಾಲಿಕುರ್ಚಿಯಲ್ಲಿ ಬರುವ ಅತಿಥಿಯ ಕಣ್ಣಿನಿಂದ ತೋಟದ ಬಂಗಲೆಯ ಕಟ್ಟೋಣವನ್ನು ಗಮನವಿಟ್ಟು ನೋಡಬೇಕು. ಸಾಮಾನ್ಯವಾಗಿ ಅದು ಒಂದೇ ಅಂತಸ್ತಿನದು. ಹೆಂಚಿನ ಮಾಡು, ಸುತ್ತ ಅಗಲ ಜಗಲಿ, ಗಾಳಿಯಾಡಲೆಂದು ಇಟ್ಟ ಎರಡು ರೆಕ್ಕೆಯ ದೊಡ್ಡ ಬಾಗಿಲುಗಳು. ಒಳಗೆ ಸೇರಿದ ಗಾಲಿಕುರ್ಚಿ ಊಟದ ಕೋಣೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಜಗಲಿಗೆ ಸಲೀಸಾಗಿ ಉರುಳಬಲ್ಲದು. ಅಡ್ಡಿ ಇರುವುದು ಹೊರಗೆ. ಮಳೆನೀರು, ಗೆದ್ದಲು, ಹಾವುಗಳ ಭಯಕ್ಕೆ ಎತ್ತರಿಸಿದ ಅಡಿಪಾಯ. ಅದನ್ನೇರಲು ಮೂರೋ ಐದೋ ಮೆಟ್ಟಿಲು. ಇನ್ನೊಂದು ಅಡ್ಡಿ ಬಚ್ಚಲಿನ ಕಿರಿದಾದ ಬಾಗಿಲು.

ಕೊಡವರ ಮೂಲಮನೆಯಾದ ಐನ್‌ಮನೆಯ ಕಥೆ ಇದಕ್ಕಿಂತ ಕಠಿಣ. ಮೆಟ್ಟಿಲೇರಿ ಕಯ್ಯಾಲೆಗೆ, ಅಂದರೆ ಜಗಲಿಗೆ, ಬಂದರೆ ಹಿರಿಯರು ಕೂರುವ ಐಮರದ ಹಲಗೆ ಸಿಗುತ್ತದೆ. ಆದರೆ ಮುಂದಿನ ಕೆತ್ತನೆಯ ಬಾಗಿಲಿಗೆ ಎತ್ತರದ ಹೊಸ್ತಿಲು. ಪೂಜೆಗೆ ಸಲ್ಲುವ ಹೊಸ್ತಿಲನ್ನು ಕಡಿಯೆಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ: ಎರಡೂ ಬದಿಗೆ ಇಳಿಜಾರಾದ ಒಂದು ಮರದ ಹಲಗೆ ಸಾಕು.

ಹೆಗಲಿನ ಬದಲು ಚಕ್ರ ಬಂದದ್ದು ತಡವಾಗಿ. ಗಣಿಯ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ 1933ರಲ್ಲಿ ಕಾರಿನೊಳಗೆ ಮಡಚಿಡಬಹುದಾದ ಉಕ್ಕಿನ ಕುರ್ಚಿ ಮಾಡಿದರು. ಅಲ್ಲಿಂದ ಮುಂದೆ ನಡೆಯಲಾರದವರೂ ದೂರದ ಪ್ರವಾಸ ಹೊರಡುವಂತಾಯಿತು. ಸೈನಿಕರ ನಾಡಾದ ಕೊಡಗಿಗೆ ಇದು ದೂರದ ಸಂಗತಿಯಲ್ಲ. ಗಾಯಗೊಂಡ ಯೋಧರಿಗೆ ಕಸುಬು ಕಲಿಸಲು ಈಗ ಪುಣೆಯ ಖಡ್ಕಿಯಲ್ಲಿರುವ ಕ್ವೀನ್ ಮೇರಿ ಸಂಸ್ಥೆ 1917ರಲ್ಲೇ ಶುರುವಾಗಿತ್ತು. ಎರಡನೇ ಮಹಾಯುದ್ಧದ ಪೈಲಟ್ ಲಿಯೊನಾರ್ಡ್ ಚೆಷೈರ್ 1948ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ ತೆರೆದ ಆಶ್ರಯಮನೆಯ ಪರಂಪರೆ 1950ರ ದಶಕದಲ್ಲಿ ಮುಂಬಯಿಗೆ ಬಂತು, ಮುಂದೆ ಪಾಲಿಬೆಟ್ಟಕ್ಕೂ ಬಂತು. ಇಲ್ಲಿನ ಚೆಷೈರ್ ಹೋಮ್ ನಡೆಸುವ ಆಪರ್ಚುನಿಟಿ ಶಾಲೆ ಅಂಗವಿಕಲ ಮಕ್ಕಳದು. ಈ ಪುಟ್ಟ ಊರು ಅಂಥ ಮಕ್ಕಳಿಗೆ ಜಾಗ ಮಾಡಿತು ಎಂಬುದನ್ನು ಪಾಲಿಬೆಟ್ಟದ ಚರಿತ್ರೆ ಬರೆಯುವವರು ಮರೆಯಬಾರದು.

ಬಂಗಲೆಗಳು ಈ ನಡುವೆ ಕೈ ಬದಲಿಸಿದವು. ಬ್ರಿಟಿಷ್ ಒಡೆತನದ ತೋಟಗಳು ಕನ್ಸಾಲಿಡೇಟೆಡ್ ಕಾಫಿಯಲ್ಲಿ ಸೇರಿದವು. ಆ ಕಂಪನಿಯೇ ಮುಂದೆ ಟಾಟಾ ಕಾಫಿ ಆಯಿತು. ಮ್ಯಾನೇಜರರು ಬಾಳಿದ ಕೊಟ್ಟಬೆಟ್ಟ, ತಣ್ಣೀರುಹಳ್ಳದಂಥ ಬಂಗಲೆಗಳಲ್ಲಿ ಪ್ರವಾಸಿಗರು ತಂಗತೊಡಗಿದರು. 2019ರಲ್ಲಿ ತಾಜ್ ಹೋಟೆಲುಗಳ ಒಡೆಯರಾದ ಇಂಡಿಯನ್ ಹೋಟೆಲ್ಸ್ ಕಂಪನಿ ಇಂಥ ಬಂಗಲೆಗಳನ್ನು ‘ಅಮಾ’ ಹೆಸರಿನಡಿ ತಂದಿತು. ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. 1995ರ ಕಾಯ್ದೆಯ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ ಎಲ್ಲರಿಗೂ ತೆರೆದಿರಬೇಕು ಎಂದಿತು.

ಇಲ್ಲಿನ ತೋಟಗಳನ್ನು ತುಂಬಿರುವ ರೋಬಸ್ಟಾ ಗಿಡದ ತವರು ಆಫ್ರಿಕಾ. ಅತಿಥಿ ಸತ್ಕಾರದಲ್ಲೂ ಆ ಖಂಡದಿಂದ ಕಲಿಯುವುದಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಕುಕೂಜಾ, ಬರ್ಗ್-ಎನ್-ಡಾಲ್ ಮುಂತಾದ ಸರ್ಕಾರಿ ಶಿಬಿರಗಳಲ್ಲಿ ಗಾಲಿಕುರ್ಚಿಯವರಿಗೆಂದೇ ಕುಟೀರಗಳಿವೆ. ಕುರ್ಚಿಯಲ್ಲೇ ಕುಳಿತು ಸ್ನಾನದ ಜಾಗಕ್ಕೆ ಹೋಗಬಹುದು. ಬರ್ಗ್-ಎನ್-ಡಾಲ್‌ನಲ್ಲಿ ಬೇಲಿಯುದ್ದಕ್ಕೂ ದೃಷ್ಟಿಹೀನರಿಗಾಗಿ ಬ್ರೈಲ್ ಫಲಕಗಳ ಕಾಲುದಾರಿಯೂ ಇದೆ. ಆನೆ, ಸಿಂಹಗಳ ಕಾಡಿನಲ್ಲಿ ಸಾಧ್ಯವಾದದ್ದು ಕಾಫಿ ತೋಟದಲ್ಲಿ ಏಕೆ ಆಗಬಾರದು?

ಲೆಕ್ಕ ಕಷ್ಟದ್ದಲ್ಲ. ಒಂದು ಅಂಗುಲ ಏರಲು ಒಂದು ಅಡಿ ಉದ್ದದ ಇಳಿಜಾರು ಬೇಕು. ಆರಂಗುಲದ ಮೂರು ಮೆಟ್ಟಿಲೆಂದರೆ ಹದಿನೆಂಟು ಅಡಿ. ತೋಟದ ಬಂಗಲೆಯ ವಿಶಾಲ ಅಂಗಳದಲ್ಲಿ ಅಷ್ಟು ಜಾಗಕ್ಕೆ ಬರವಿಲ್ಲ. ಬಚ್ಚಲಿನ ಬಾಗಿಲನ್ನು 90 ಸೆಂಟಿಮೀಟರಿಗೆ ಅಗಲಿಸಿ, ಕಮೋಡಿನ ಪಕ್ಕ ಹಿಡಿಕೆ ನೆಟ್ಟು, ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಅಗಲದ ಜಾಗ ಬಿಡಬೇಕು. ಕೊಡಗಿನವರೇ ಹೇಳಬಲ್ಲ ಇನ್ನೊಂದು ಮಾತಿದೆ: ಮುಂಗಾರಿನಲ್ಲಿ ಇಲ್ಲಿನ ಕಲ್ಲಿನ ಮೇಲೆ ವಾರದೊಳಗೆ ಪಾಚಿ ಕಟ್ಟುತ್ತದೆ. ಆದ್ದರಿಂದ ಇಳಿಜಾರಿಗೆ ನುಣುಪು ಕಲ್ಲು ಬೇಡ, ಗೀರು ಹಾಕಿದ ಕಾಂಕ್ರೀಟ್ ಬೇಕು. ಜೂನ್ ಬರುವ ಮೊದಲು ಅದರ ಮೇಲೊಂದು ಮಾಡು ಬೇಕು.