ಮೂರನೆಯ ಸುತ್ತು: ಮಹಿಳಾ ಟೀಮ್ ಸ್ಪ್ರಿಂಟ್‌ನ ಇತಿಹಾಸ ಮತ್ತು ಕಾಫಿ ಸೀಮೆಯ ಪ್ರಶ್ನೆ

ಮಹಿಳೆಯರ ಟೀಮ್ ಸ್ಪ್ರಿಂಟ್ ಇತಿಹಾಸ ಬರೆಯುವವರು ಪದಕಪಟ್ಟಿಗಿಂತ ಮೊದಲು ನೋಡಬೇಕಾದ ಸಂಗತಿಗಳು ಎರಡು: ಸವಾರರಿಗೆ ಎಷ್ಟು ಸುತ್ತು ಕೊಟ್ಟರು, ಎಂಥ ನೆಲ ಸಿಕ್ಕಿತು. ಕಾಫಿ ಸೀಮೆಯ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ನೋಡಿದರೆ ಎರಡನೆಯದೇ ಹೆಚ್ಚು ಕಾಡುತ್ತದೆ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸೈಕ್ಲಿಂಗ್ ದೊರೆತದ್ದು 1984ರಲ್ಲಿ, ಅದೂ ರಸ್ತೆ ಸ್ಪರ್ಧೆ ಮಾತ್ರ. ಟ್ರ್ಯಾಕ್‌ಗೆ 1988ರವರೆಗೆ ಕಾಯಬೇಕಾಯಿತು. ಪುರುಷರ ಟೀಮ್ ಸ್ಪ್ರಿಂಟ್ 2000ದಲ್ಲಿ ಸಿಡ್ನಿಗೆ ಬಂದಾಗ ಮೂವರ ತಂಡ, ಮೂರು ಸುತ್ತು. ಮಹಿಳೆಯರ ಸ್ಪರ್ಧೆ ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ್ದು 2007ರಲ್ಲಿ; ಇಬ್ಬರು, ಎರಡೇ ಸುತ್ತು, 500 ಮೀಟರ್. ಬ್ರಿಟನ್‌ನ ವಿಕ್ಟೋರಿಯಾ ಪೆಂಡಲ್ಟನ್ ಮತ್ತು ಶನೇಜ್ ರೀಡ್ ಮೊದಲ ಚಿನ್ನ ಗೆದ್ದರು. ಈ ಕಡಿತಕ್ಕೆ ದೇಹಬಲದ ಕಾರಣವಿತ್ತೆಂದು ನಾನು ಒಪ್ಪಲಾರೆ. 2021ರಲ್ಲಿ ರೂಬೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂವರ ತಂಡ ಇಳಿದಾಗ ಸ್ಪರ್ಧೆ ಸೊರಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್‌ನ ಕೇಟಿ ಮಾರ್ಚೆಂಟ್, ಸೋಫಿ ಕೇಪ್‌ವೆಲ್, ಎಮ್ಮಾ ಫಿನುಕೇನ್ 750 ಮೀಟರನ್ನು 45.186 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.

ಆಟದ ಮರ್ಮ ಕೈಬದಲಾವಣೆಯಲ್ಲಿದೆ. ಆರಂಭದ ಗೇಟು ಮೊದಲ ಸವಾರಳ ಹಿಂಗಾಲಿಯನ್ನು ಹಿಡಿದಿರುತ್ತದೆ. ಬಿಟ್ಟ ಕ್ಷಣದಿಂದ ಅವಳು ಸೈಕಲ್ಲನ್ನು ನಿಂತಲ್ಲಿಂದ ವೇಗಕ್ಕೆ ಎಳೆಯಬೇಕು. ಬ್ರೇಕಿಲ್ಲ, ಗಾಲಿ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಹಿಂದಿನವರು ಅವಳ ಗಾಳಿಯ ಮರೆಯಲ್ಲಿ ಅಂಟಿಕೊಂಡು ಬರುತ್ತಾರೆ. ಒಂದು ಸುತ್ತು ಮುಗಿದೊಡನೆ ಅವಳು ಮೇಲಕ್ಕೆ ಸರಿದು ದಾರಿ ಬಿಡುತ್ತಾಳೆ. ಆ ಸರಿಯುವಿಕೆ ಗೆರೆಯ ಹಿಂದೆ ಮುಂದೆ 15 ಮೀಟರಿನ ವಲಯದೊಳಗೇ ಆಗಬೇಕು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈ ನಿಯಮವೇ ಪದಕ ಹಂಚಿತು. ಬ್ರಿಟನ್ ತಂಡ ಇದರಲ್ಲಿ ತಪ್ಪಿ ಫೈನಲ್ ಅವಕಾಶ ಕಳೆದುಕೊಂಡಿತು. ಫೈನಲ್‌ನಲ್ಲಿ ವೇಗವಾಗಿ ಬಂದ ಚೀನಾವೂ ತಪ್ಪಿತು, ಚಿನ್ನ ಜರ್ಮನಿಯ ಕ್ರಿಸ್ಟೀನಾ ಫೋಗೆಲ್ ಮತ್ತು ಮಿರಿಯಂ ವೆಲ್ಟೆ ಅವರ ಪಾಲಾಯಿತು. ಇಂಥ ಲೆಕ್ಕಾಚಾರ ಕಾಲಿಗೆ ಅಭ್ಯಾಸವಾಗಬೇಕಾದರೆ ಇಳಿಜಾರು ಕಟ್ಟಿದ ಟ್ರ್ಯಾಕೇ ಬೇಕು.

ಭಾರತದಲ್ಲಿ 1982ರ ಏಷ್ಯನ್ ಗೇಮ್ಸ್‌ಗೆ ದೆಹಲಿಯ ಯಮುನಾ ವೆಲೊಡ್ರೋಮ್ (ಇಂಥ ಟ್ರ್ಯಾಕುಳ್ಳ ಕ್ರೀಡಾಂಗಣ), 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಇಂದಿರಾ ಗಾಂಧಿ ಕ್ರೀಡಾಂಗಣದ 250 ಮೀಟರಿನ ಮರದ ಟ್ರ್ಯಾಕ್ ಬಂದವು. ಆ ಮರದ ನೆಲ ಬಂದ ಮೇಲೆಯೇ ಅಂಡಮಾನ್‌ನ ಡೆಬೊರಾ ಹೆರಾಲ್ಡ್, ಕೇರಳದ ಕೆಜಿಯಾ ವರ್ಗೀಸ್ ಜೋಡಿ ಕಾಣಿಸಿಕೊಂಡದ್ದು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರತದ ಮೂವರು: ಮಹಾರಾಷ್ಟ್ರದ ಮಯೂರಿ ಲುಟೆ, ಶುಶಿಕಲಾ ಅಗಾಶೆ, ಪಶ್ಚಿಮ ಬಂಗಾಳದ ತ್ರಿಯಾಶಾ ಪಾಲ್. ಕರ್ನಾಟಕದವರು ಆ ಮೂವರಲ್ಲಿ ಇರಲಿಲ್ಲ.

ಸೈಕ್ಲಿಂಗ್ ಇಲ್ಲದ ರಾಜ್ಯವೇನಲ್ಲ ನಮ್ಮದು. ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಹಳ್ಳಿಯ ಹೆಣ್ಣುಮಕ್ಕಳನ್ನು ರಾಷ್ಟ್ರೀಯ ಕೂಟಗಳವರೆಗೆ ಕಳಿಸಿವೆ. ಆದರೆ ಅವರಿಗೆ ಸಿಕ್ಕಿದ್ದು ಬಯಲುಸೀಮೆಯ ಉದ್ದನೆಯ ರಸ್ತೆ. ರಸ್ತೆ ದಮ್ಮನ್ನು ಬೆಳೆಸುತ್ತದೆ. 15 ಸೆಕೆಂಡಿನ ಸ್ಫೋಟವನ್ನಲ್ಲ, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರದ ತಿರುವನ್ನಲ್ಲ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದರಿಂದ ಒಂದಿಡೀ ತಲೆಮಾರು ಈ ಸ್ಪರ್ಧೆಯಿಂದ ದೂರ ಉಳಿಯಿತೆಂಬುದು ನನ್ನ ಖಚಿತ ಅಭಿಪ್ರಾಯ.

ಕಾಫಿ ಸೀಮೆಯ ಸ್ಥಿತಿ ಇನ್ನೂ ಬೇರೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ಬಯಲಿನ ಹುಡುಗಿಗೆ ಅದು ಶಾಲೆಯ ದಾರಿಯಾಯಿತು. ಕೊಟ್ಟಿಗೆಹಾರದಿಂದ ಕಳಸದ ಕಡೆಗಿನ ಏರು, ತಿರುವು, ಮುಂಗಾರಿನ ಜಡಿಮಳೆಯಲ್ಲಿ ಗೇರಿಲ್ಲದ ಆ ಸೈಕಲ್ಲನ್ನು ಎಷ್ಟೋ ಕಡೆ ತಳ್ಳಿಕೊಂಡೇ ಹತ್ತಬೇಕಿತ್ತು. ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೆ ಕಾಲುದಾರಿಯೇ ಹತ್ತಿರ.

ಹಾಗೆಂದು ಈ ಗುಡ್ಡಗಳನ್ನು ಟೀಮ್ ಸ್ಪ್ರಿಂಟ್‌ಗೆ ಹೊರಗಿನವೆಂದು ಬಿಡುವುದು ಸರಿಯಲ್ಲ. ಕಡಿದಾದ ಚಿಕ್ಕ ಏರಿನಲ್ಲಿ ನಿಂತ ಸೈಕಲ್ಲನ್ನು ಪೂರ್ಣ ಬಲದಿಂದ ಎಬ್ಬಿಸುವುದು ಸ್ಪ್ರಿಂಟರುಗಳು ಎಲ್ಲೆಡೆ ಮಾಡುವ ಅಭ್ಯಾಸ. ಮೊದಲ ಸುತ್ತಿನ ಸವಾರಳಿಗೆ ಬೇಕಾದದ್ದೂ ಅದೇ ಬಲ. ಅಂಥ ಏರು ಮೂಡಿಗೆರೆಯ ಪ್ರತಿ ತೋಟದ ಗೇಟಿನಾಚೆ ಇದೆ. ಶಾಲೆಗೊಂದು ಗಟ್ಟಿ ಸೈಕಲ್, ಜಿಲ್ಲೆಗೊಬ್ಬ ತರಬೇತುದಾರ ಇದ್ದರೆ ಇಲ್ಲಿಂದಲೇ ಆಯ್ಕೆ ಶುರುವಾಗಬಹುದು. ಮರದ ನೆಲದ ಮೇಲೆ ಕೈಬದಲಾವಣೆ ಕಲಿಯಬೇಕಾದರೆ ಮಾತ್ರ ಆ ಹುಡುಗಿ ರಸ್ತೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ದೆಹಲಿಗೆ ಹೋಗಬೇಕು.