ಬೀಳದೆ ಬೀಳುವ ಲಿಫ್ಟು, ನಮ್ಮೂರ ನಾಟಕದ ಪರದೆ

ಗದಗ ಬಸ್ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿನ ಕಿಟಕಿ ಪಕ್ಕ ಕೂತಿರುತ್ತೇವೆ. ಪಕ್ಕದ ಲಕ್ಷ್ಮೇಶ್ವರ ಬಸ್ಸು ಮುಂದಕ್ಕೆ ಹೊರಡುತ್ತದೆ. ನಮ್ಮ ಬಸ್ಸೇ ಹಿಂದಕ್ಕೆ ಜಾರಿದಂತಾಗಿ ಗಕ್ಕನೆ ಮುಂದಿನ ಸೀಟು ಹಿಡಿಯುತ್ತೇವೆ. ಈ ಭ್ರಮೆಯನ್ನೇ ಬಂಡವಾಳ ಮಾಡಿಕೊಂಡ ಆಟಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ.

1894ರ ಸ್ಯಾನ್ ಫ್ರಾನ್ಸಿಸ್ಕೊ ಮೇಳದಲ್ಲಿ 'ಹಾಂಟೆಡ್ ಸ್ವಿಂಗ್' ಎಂಬ ಉಯ್ಯಾಲೆಯಿತ್ತು. ಅದು ತೂಗುತ್ತಿದ್ದುದು ಚೂರೇ, ಗಿರಕಿ ಹೊಡೆಯುತ್ತಿದ್ದುದು ಸುತ್ತಲಿನ ಕೋಣೆ. ಕೂತವರಿಗೆ ತಾವೇ ತಲೆಕೆಳಗಾದಂತೆ ಅನಿಸುತ್ತಿತ್ತು. 1969ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಭೂತಬಂಗಲೆಯಲ್ಲಿ ಜನ ನಿಂತ ನೆಲ ನಿಜವಾಗಿಯೂ ಕೆಳಗಿಳಿಯುತ್ತಿತ್ತು. 1971ರಲ್ಲಿ ಫ್ಲಾರಿಡಾದಲ್ಲಿ ಅದೇ ಬಂಗಲೆ ಕಟ್ಟಿದಾಗ ನೆಲವನ್ನು ಕದಲಿಸಲೇ ಇಲ್ಲ, ಚಾವಣಿಯನ್ನು ಮೇಲಕ್ಕೆಳೆದರು. ಎರಡೂ ಕಡೆ ಕಣ್ಣಿಗೆ ಕಂಡದ್ದು ಒಂದೇ: ಗೋಡೆ ಉದ್ದವಾಗುವುದು.

ಹಾಗಾದರೆ ಹಗ್ಗ ಹರಿದು ಬೀಳುವ ಲಿಫ್ಟನ್ನು ತೋರಿಸುವುದು ಹೇಗೆ? ಕಿಟಕಿಯಾಚೆ ಇಟ್ಟಿಗೆ ಗೋಡೆಯ ಚಿತ್ರವನ್ನು ಮೇಲಕ್ಕೆ ಸುತ್ತಬೇಕು. ಒಂದೇ ವೇಗದಲ್ಲಿ ಸುತ್ತಿದರೆ ಲಿಫ್ಟು ಸುಮ್ಮನೆ ಇಳಿದಂತೆ ಕಾಣುತ್ತದೆ, ಬಿದ್ದಂತಲ್ಲ. ಬೀಳುವ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 16 ಅಡಿ, ಎರಡನೆಯದರಲ್ಲಿ 48 ಅಡಿ ಇಳಿಯುತ್ತದೆ. ಚಿತ್ರವೂ ಹಾಗೇ ವೇಗ ಏರಿಸಿಕೊಳ್ಳಬೇಕು. ಜೊತೆಗೆ ಕಾಲಕೆಳಗಿನ ಹಲಗೆ ಮೂರ್ನಾಲ್ಕು ಇಂಚು ಕುಸಿಯಬೇಕು, ದೀಪ ಆರಬೇಕು, ಕೊನೆಗೆ ಧಡ್ ಎಂಬ ಸದ್ದು. ಆ ಮೂರು ಇಂಚನ್ನು ಕಾಲು ಹೇಳುತ್ತದೆ, ಉಳಿದ ನೂರು ಅಡಿಯನ್ನು ಕಣ್ಣು ನಂಬುತ್ತದೆ.

ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಸೀಮೆಯ ಕಂಪನಿ ನಾಟಕಗಳು. ಮರಾಠಿ ಕಂಪನಿಗಳ ಅಬ್ಬರದ ಕಾಲದಲ್ಲಿ, 1870ರ ದಶಕದಲ್ಲೇ, ಶಾಂತಕವಿಗಳು ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಬೆಳೆಸಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಕಂಪನಿ ರಂಗಭೂಮಿಯಲ್ಲಿ ಅರಮನೆ, ಕಾಡು, ಬೀದಿ ಎಲ್ಲವೂ ಸುರುಳಿ ಪರದೆಯ ಮೇಲೆ. ಹಗ್ಗ ಎಳೆದರೆ ಕಾಡು ಹೋಗಿ ಅರಮನೆ ಬರುತ್ತಿತ್ತು. ದೇವತೆಗಳು ಮೇಲಿನಿಂದ ಇಳಿದು ಬರುವ 'ಟ್ರಿಕ್ ಸೀನ್'ಗಳಿಗಾಗಿಯೇ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಮೋಟಾರು, ಕಂಪ್ಯೂಟರುಗಳ ಜಾಗದಲ್ಲಿ ಇದ್ದದ್ದು ರಾಟೆ, ಹಗ್ಗ ಮತ್ತು ಸಮಯ ತಿಳಿದ ಕೈ.

ಗರೂಡರ ಅಭಿನಯದ ಬಗ್ಗೆ, ಶಾಂತಕವಿಗಳ ನಾಟಕಗಳ ಬಗ್ಗೆ ಪುಸ್ತಕಗಳಿವೆ. ಹಗ್ಗ ಎಳೆದವರ, ಪರದೆ ಬರೆದವರ ಹೆಸರು ಹುಡುಕಹೊರಟರೆ ಪುಟಗಳು ಖಾಲಿಯಾಗುತ್ತವೆ. ರಾಟೆ ಎಲ್ಲಿ ಕಟ್ಟುತ್ತಿದ್ದರು, ಎಷ್ಟು ಜನ ಎಳೆಯುತ್ತಿದ್ದರು, ಯಾವ ಮಾತಿಗೆ ಬಿಡುತ್ತಿದ್ದರು ಎಂಬ ವಿದ್ಯೆ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು. ಹೇಳುವ ಬಾಯಿಗಳೂ ಕಡಿಮೆಯಾಗುತ್ತಿವೆ.

ಬೆಟಗೇರಿಯಲ್ಲೋ ಶಿರಹಟ್ಟಿಯಲ್ಲೋ ನಿಮ್ಮ ಓಣಿಯಲ್ಲಿ ಕಂಪನಿಯ ಪರದೆ ಎಳೆದ ಅಜ್ಜ ಇದ್ದರೆ, ಈ ವಾರವೇ ಹೋಗಿ ಪಕ್ಕದಲ್ಲಿ ಕೂತು ಕೇಳಿ, ಬರೆದುಕೊಳ್ಳಿ. ನಾವೂ ಹೊರಟಿದ್ದೇವೆ.