ಔಷಧ ಸಂಶೋಧನೆಯಲ್ಲಿ ವಿಷಯದ ಆಯ್ಕೆ ಮತ್ತು ಪಕ್ಷಪಾತ

ಔಷಧ ಸಂಶೋಧನೆಯಲ್ಲಿ ಪಕ್ಷಪಾತ ಎಂದರೆ ಅಧ್ಯಯನದ ಫಲಿತಾಂಶವನ್ನು ಸತ್ಯದಿಂದ ಒಂದೇ ದಿಕ್ಕಿಗೆ ಸರಿಸುವ ವ್ಯವಸ್ಥಿತ ದೋಷ. ಇದು ಆಕಸ್ಮಿಕ ತಪ್ಪಿಗಿಂತ ಭಿನ್ನವಾದುದು. ರೋಗಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಆಕಸ್ಮಿಕ ದೋಷ ಕಡಿಮೆಯಾಗುತ್ತದೆ, ಪಕ್ಷಪಾತ ಮಾತ್ರ ಹಾಗೆಯೇ ಉಳಿಯುತ್ತದೆ. ಪ್ರಯೋಗ ಆರಂಭವಾಗುವ ಮೊದಲೇ, ಯಾವ ರೋಗವನ್ನು ಅಧ್ಯಯನ ಮಾಡಬೇಕೆಂಬ ನಿರ್ಧಾರದಲ್ಲಿಯೂ ಪಕ್ಷಪಾತ ನುಸುಳಬಹುದು.

ವಿಷಯದ ಆಯ್ಕೆ

ಸಂಶೋಧನೆಯ ವಿಷಯವನ್ನು ರೋಗದ ಹೊರೆ, ವೈಜ್ಞಾನಿಕ ಸಾಧ್ಯತೆ ಮತ್ತು ಹಣಕಾಸಿನ ಲಭ್ಯತೆ ಎಂಬ ಮೂರು ಅಂಶಗಳು ಮುಖ್ಯವಾಗಿ ನಿರ್ಧರಿಸುತ್ತವೆ. ಖಾಸಗಿ ಕಂಪನಿಗಳು ಲಾಭ ತರುವ ಮಾರುಕಟ್ಟೆಯನ್ನು ಗಮನಿಸುವುದರಿಂದ ಬಡವರ ರೋಗಗಳು ಹಿಂದೆ ಬೀಳುತ್ತವೆ. 1975ರಿಂದ 1999ರವರೆಗೆ ಮಾರುಕಟ್ಟೆಗೆ ಬಂದ 1,393 ಹೊಸ ಔಷಧಗಳ ಪೈಕಿ ಉಷ್ಣವಲಯದ ರೋಗಗಳು ಹಾಗೂ ಕ್ಷಯಕ್ಕೆ ಸಂಬಂಧಿಸಿದವು 16 ಮಾತ್ರ ಎಂದು 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ತೋರಿಸಿತು. ಈ ಕೊರತೆಯನ್ನು ನೀಗಿಸಲು 2003ರಲ್ಲಿ ‘ನಿರ್ಲಕ್ಷಿತ ರೋಗಗಳ ಔಷಧ ಉಪಕ್ರಮ’ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಅದರ ಸ್ಥಾಪಕ ಪಾಲುದಾರರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಒಂದು.

ಕರ್ನಾಟಕದ ಉದಾಹರಣೆಗಳು

ಮಂಗನ ಕಾಯಿಲೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವು ಉಣ್ಣೆಗಳ ಮೂಲಕ ಹರಡುವ ವೈರಾಣುವಿನಿಂದ ಬರುತ್ತದೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ; ರೋಗಲಕ್ಷಣಗಳಿಗೆ ತಕ್ಕ ಆರೈಕೆಯೇ ಚಿಕಿತ್ಸೆ. ರೋಗಿಗಳು ಮುಖ್ಯವಾಗಿ ಪಶ್ಚಿಮ ಘಟ್ಟದ ಕಾಡಂಚಿನ ಜನರಾದ್ದರಿಂದ ಔಷಧಕ್ಕೆ ದೊಡ್ಡ ಮಾರುಕಟ್ಟೆಯಿಲ್ಲ. 2005ರಿಂದ 2010ರವರೆಗಿನ ಅಂಕಿ ಅಂಶಗಳ ವಿಶ್ಲೇಷಣೆಯಲ್ಲಿ ಆಗಿನ ಲಸಿಕೆಯ ಪರಿಣಾಮಕಾರಿತ್ವ ಎರಡು ಡೋಸ್ ಪಡೆದವರಲ್ಲಿ ಶೇ. 62.4, ಬಲವರ್ಧಕ ಡೋಸನ್ನೂ ಪಡೆದವರಲ್ಲಿ ಶೇ. 82.9 ಎಂದು ಕಂಡುಬಂದಿತು.

ಹಾವು ಕಡಿತ: ಇಂಡಿ, ಸಿಂದಗಿ ತಾಲ್ಲೂಕುಗಳಂತಹ ಬೇಸಾಯದ ಪ್ರದೇಶಗಳಲ್ಲಿ ಹೊಲದಲ್ಲಿ ದುಡಿಯುವವರಿಗೆ ಇದು ನಿತ್ಯದ ಭಯ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಭಾರತದಲ್ಲಿ ಬಳಸುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಆ ವಿಷದ ಬಹುಪಾಲು ತಮಿಳುನಾಡಿನಲ್ಲಿ ಸಂಗ್ರಹವಾಗುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಒಂದೆಡೆಯ ಮಾದರಿಯಿಂದ ಸಿದ್ಧವಾದ ಮದ್ದು ಎಲ್ಲೆಡೆ ಸಮಾನ ಫಲ ಕೊಡಲಾರದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ರೋಗದ ನಿಜವಾದ ಹೊರೆ ಲೆಕ್ಕಕ್ಕೆ ಬಂದಾಗಲೇ ಸಂಶೋಧನೆಯ ಆದ್ಯತೆಯೂ ಬದಲಾಗಬಲ್ಲದು.

ಪಕ್ಷಪಾತದ ಬಗೆಗಳು

• ಆಯ್ಕೆಯ ಪಕ್ಷಪಾತ: ಪ್ರಯೋಗಕ್ಕೆ ಸೇರಿದವರು ಔಷಧ ಬಳಸಲಿರುವ ಜನರನ್ನು ಪ್ರತಿನಿಧಿಸದಿರುವುದು, ಅಥವಾ ಹೋಲಿಸುವ ಗುಂಪುಗಳು ಆರಂಭದಲ್ಲಿಯೇ ಅಸಮಾನವಾಗಿರುವುದು. ಅಮೆರಿಕದಲ್ಲಿ 1977ರ ಮಾರ್ಗಸೂಚಿಯೊಂದು ಗರ್ಭಧಾರಣೆಯ ವಯಸ್ಸಿನ ಮಹಿಳೆಯರನ್ನು ಆರಂಭಿಕ ಹಂತದ ಪ್ರಯೋಗಗಳಿಂದ ದೂರವಿಟ್ಟಿತ್ತು. 1993ರಲ್ಲಿ ಅದನ್ನು ಬದಲಾಯಿಸಲಾಯಿತು.
• ಅಳತೆಯ ಪಕ್ಷಪಾತ: ಯಾರಿಗೆ ಯಾವ ಮದ್ದು ಸಿಕ್ಕಿದೆಯೆಂದು ತಿಳಿದಿರುವ ವೈದ್ಯ ಅಥವಾ ರೋಗಿ, ತಿಳಿಯದೆಯೇ ಸುಧಾರಣೆಯನ್ನು ಹೆಚ್ಚಾಗಿ ಕಾಣುವುದು.
• ಪ್ರಾಯೋಜಕರ ಪಕ್ಷಪಾತ: ಕಂಪನಿಗಳ ಹಣದಿಂದ ನಡೆದ ಅಧ್ಯಯನಗಳಲ್ಲಿ ಅನುಕೂಲಕರ ತೀರ್ಮಾನಗಳು ಹೆಚ್ಚು ಎಂಬುದನ್ನು ಕೊಕ್ರೇನ್ ಸಮೀಕ್ಷೆ ದಾಖಲಿಸಿದೆ.
• ಪ್ರಕಟಣೆಯ ಪಕ್ಷಪಾತ: ವಿಫಲವಾದ ಅಧ್ಯಯನಗಳು ಬೆಳಕಿಗೆ ಬಾರದಿರುವುದು. ಖಿನ್ನತೆ ನಿವಾರಕಗಳ 74 ಪ್ರಯೋಗಗಳ ಕುರಿತ 2008ರ ವಿಶ್ಲೇಷಣೆಯಲ್ಲಿ, ಅನುಕೂಲಕರವಾದ 38ರಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವಾಗಿರಲೇ ಇಲ್ಲ. 11 ಅನುಕೂಲಕರವೆಂಬಂತೆ ಪ್ರಕಟವಾಗಿದ್ದವು.

ನಿಯಂತ್ರಣ ಕ್ರಮಗಳು

ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಿಗೆ ಹಂಚುವ ಯಾದೃಚ್ಛಿಕ ಹಂಚಿಕೆಯು ಗುಂಪುಗಳ ಅಸಮಾನತೆಯನ್ನು ತಡೆಯುತ್ತದೆ. ಯಾವ ಮದ್ದು ಎಂಬುದನ್ನು ರೋಗಿಗೂ ಪರೀಕ್ಷಕರಿಗೂ ತಿಳಿಸದಿರುವುದು ಅಳತೆಯ ಪಕ್ಷಪಾತವನ್ನು ತಗ್ಗಿಸುತ್ತದೆ. ಪ್ರಯೋಗವನ್ನು ಮುಂಚಿತವಾಗಿ ನೋಂದಾಯಿಸಿದರೆ ಪ್ರತಿಕೂಲ ಫಲಿತಾಂಶವನ್ನು ಮುಚ್ಚಿಡುವುದು ಕಷ್ಟ. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆ 2007ರ ಜುಲೈ 20ರಂದು ಆರಂಭವಾಯಿತು. ಔಷಧ ನಿಯಂತ್ರಕರು 2009ರ ಜೂನ್ 15ರಿಂದ ನೋಂದಣಿಯನ್ನು ಕಡ್ಡಾಯಗೊಳಿಸಿದರು. ಅದರ ಜಾಲತಾಣದಲ್ಲಿ ಪ್ರಯೋಗದ ಉದ್ದೇಶ, ಪ್ರಾಯೋಜಕರು ಮತ್ತು ನಡೆಯುವ ಸ್ಥಳಗಳನ್ನು ಯಾರು ಬೇಕಾದರೂ ನೋಡಬಹುದು.